ಯುದ್ಧಕಾಲದ ಮೈಸೂರು: ಚಿನ್ನ, ಗಂಧ, ಕಬ್ಬಿಣ, ವಿಮಾನ

ಕಾನೂನಿನ ಲೆಕ್ಕದಲ್ಲಿ ಮೈಸೂರು ಬ್ರಿಟಿಷ್ ಇಂಡಿಯಾದ ಭಾಗವಾಗಿರಲಿಲ್ಲ. ಅದು ಅರಸರ ಸಂಸ್ಥಾನ. ಆದರೆ ಗಣಿ ಮತ್ತು ವ್ಯಾಪಾರದ ಮಟ್ಟಿಗೆ ಅದರ ಸ್ಥಿತಿ ವಸಾಹತಿನದೇ ಆಗಿತ್ತು. ಕೋಲಾರದ ಚಿನ್ನ ತೆಗೆಯುತ್ತಿದ್ದ ಕಂಪನಿಗಳು ಲಂಡನ್ನಿನವು, ಯಂತ್ರಗಳು ಬರುತ್ತಿದ್ದುದು ಇಂಗ್ಲೆಂಡಿನಿಂದ, ಹಡಗು ಯಾವಾಗ ಹೊರಡಬೇಕೆಂದು ತೀರ್ಮಾನಿಸುತ್ತಿದ್ದವರೂ ಅಲ್ಲಿಯವರೇ. ಹಾಗಾಗಿ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡಾಗಲೆಲ್ಲ ಅದರ ಬಿಸಿ ಕೋಲಾರ ಗಣಿಸೀಮೆಯ ಮಾರಿಕುಪ್ಪದ ಸುರಂಗಕ್ಕೂ ಮಲೆನಾಡಿನ ಕಾಡಿಗೂ ತಟ್ಟಿತು. ಎರಡು ಮಹಾಯುದ್ಧಗಳ ಪರಿಣಾಮ ಮಾತ್ರ ಒಂದೇ ತೆರನಾಗಿರಲಿಲ್ಲ. ಮೊದಲನೆಯದು ಹೊರಗಿನ ದಾರಿಗಳನ್ನು ಮುಚ್ಚಿ, ಮನೆಯಲ್ಲೇ ಏನಾದರೂ ಮಾಡಿಕೊಳ್ಳುವಂತೆ ಸಂಸ್ಥಾನವನ್ನು ದೂಡಿತು. ಎರಡನೆಯದು ಕೆಲಸವನ್ನು ರಾಶಿರಾಶಿಯಾಗಿ ತಂದು ಸುರಿಯಿತು, ಆದರೆ ಹಿಡಿತವನ್ನು ದೆಹಲಿಗೂ ಮಿತ್ರಪಡೆಗಳಿಗೂ ಒಪ್ಪಿಸಿತು.

1914ರ ಹೊತ್ತಿಗೆ ಸಂಸ್ಥಾನದ ದೊಡ್ಡ ಉದ್ಯಮವೆಂದರೆ ಕೋಲಾರದ ಚಿನ್ನದ ಗಣಿಗಳೇ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಮೊದಲಾದ ಗಣಿಗಳು 1905ರ ಸುಮಾರಿಗೆ ವರ್ಷಕ್ಕೆ 6 ಲಕ್ಷ ಔನ್ಸಿಗೂ ಮಿಕ್ಕಿ ಚಿನ್ನ ಕೊಟ್ಟು ಶಿಖರ ಮುಟ್ಟಿದ್ದವು. ಇವುಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಉದ್ದದ ವಿದ್ಯುತ್ ಮಾರ್ಗ ಎಳೆಯಲಾಗಿತ್ತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷದ ಮೇಲೆ. 1911ರಲ್ಲಿ ಕಟ್ಟಲಾರಂಭಿಸಿದ ಕೃಷ್ಣರಾಜಸಾಗರಕ್ಕೆ ಇದ್ದ ಕಾರಣಗಳಲ್ಲಿ ಬೇಸಗೆಯಲ್ಲೂ ಗಣಿಗಳಿಗೆ ತಡೆಯಿಲ್ಲದೆ ವಿದ್ಯುತ್ ಒದಗಿಸುವುದೂ ಒಂದು. ಕಾವೇರಿಯ ಕಟ್ಟೆಯೆಂದರೆ ಮಂಡ್ಯದ ಗದ್ದೆಗಳಷ್ಟೇ ನೆನಪಾಗುವ ಈ ಕಾಲದಲ್ಲಿ ಇದನ್ನು ಹೇಳಬೇಕಾಗುತ್ತದೆ.

ಯುದ್ಧವೆಂದರೆ ಚಿನ್ನಕ್ಕೆ ಸುಗ್ಗಿ ಎಂಬುದು ಸಾಮಾನ್ಯ ನಂಬಿಕೆ. ಮೊದಲ ಯುದ್ಧದಲ್ಲಿ ಕೋಲಾರದ ಗಣಿಗಳಿಗೆ ಆದದ್ದು ಬೇರೆ. ಲಂಡನ್ನಿನಲ್ಲಿ ಶುದ್ಧ ಚಿನ್ನದ ಬೆಲೆ ಔನ್ಸಿಗೆ ಸುಮಾರು 85 ಷಿಲಿಂಗಿಗೆ ಕಟ್ಟಿಬಿದ್ದಿತ್ತು. ನಾಣ್ಯ ಪದ್ಧತಿಯೇ ಆ ಬೆಲೆಯ ಮೇಲೆ ನಿಂತಿದ್ದರಿಂದ ಯುದ್ಧ ಬಂತೆಂದು ಅದನ್ನು ಏರಿಸುವಂತಿರಲಿಲ್ಲ. ಸಿಡಿಮದ್ದು, ಸಯನೈಡ್, ಉಕ್ಕಿನ ಹಗ್ಗ, ಯಂತ್ರದ ಬಿಡಿಭಾಗಗಳ ಬೆಲೆಗೆ ಅಂಥ ಕಟ್ಟು ಇರಲಿಲ್ಲ. ಮಾರುವ ಬೆಲೆ ನಿಂತಲ್ಲೇ ನಿಂತು, ತೆಗೆಯುವ ಖರ್ಚು ಮಾತ್ರ ಏರಿತು. ಅದೂ ಗಣಿಗಳು ವರ್ಷ ವರ್ಷಕ್ಕೆ ಆಳವಾಗುತ್ತ, ಅದಿರು ಬಡವಾಗುತ್ತಿದ್ದ ಹೊತ್ತಿನಲ್ಲಿ. ಹಡಗಿನಲ್ಲಿ ಚಿನ್ನ ಸಾಗಿಸುವುದು ಅಪಾಯವಾದಾಗ ಸರ್ಕಾರ ಮುಂಬಯಿಯಲ್ಲೇ ರಾಯಲ್ ಮಿಂಟಿನ ಶಾಖೆ ತೆರೆದು 1918ರಲ್ಲಿ ಅಲ್ಲಿ ಪೌಂಡ್ ನಾಣ್ಯ ಟಂಕಿಸಿತು. ಯುದ್ಧ ಮುಗಿದ ಮರುವರ್ಷವೇ ಆ ಶಾಖೆ ಮುಚ್ಚಿತು. ನಿಜಾಮರ ಸೀಮೆಯಲ್ಲಿದ್ದ ಹಟ್ಟಿ ಚಿನ್ನದ ಗಣಿಯ ಕೆಲಸವೂ 1920ರಲ್ಲಿ ನಿಂತುಹೋಯಿತು.

ಗಂಧದ ಕಥೆ ಇದಕ್ಕಿಂತ ಭಿನ್ನ. ಟಿಪ್ಪುವಿನ ಕಾಲದಿಂದಲೂ ಗಂಧದ ಮರ ಸರ್ಕಾರದ ಸ್ವತ್ತು. ಗಂಧದ ಕೋಠಿಗಳಲ್ಲಿ ವಿಂಗಡಿಸಿದ ಕೊರಡುಗಳನ್ನು ಸರ್ಕಾರ ಹರಾಜು ಹಾಕುತ್ತಿತ್ತು, ಅವು ಹೆಚ್ಚಾಗಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧ ಶುರುವಾದೊಡನೆ ಜರ್ಮನಿಯ ಕೊಳ್ಳುಗರು ಶತ್ರುಗಳಾದರು, ಹರಾಜು ಕುಸಿಯಿತು, ಕೋಠಿಗಳಲ್ಲಿ ಕೊರಡು ಉಳಿಯಿತು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯ. ಕೈಗಾರಿಕಾ ಇಲಾಖೆಯ ಹೊಣೆ ಆಲ್‌ಫ್ರೆಡ್ ಚಾಟರ್ಟನ್ ಅವರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಗಂಧವನ್ನು ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಎದ್ದವು.

ಈ ಉದ್ಯಮ ಕೈಗೂಡಿದ್ದಕ್ಕೆ ಯುದ್ಧವೇ ಎರಡು ಅನುಕೂಲ ಒದಗಿಸಿತ್ತು. ನೂರು ಕಿಲೋ ಗಂಧದ ಚೇಗಿನಿಂದ ಇಳಿಯುವುದು ಸುಮಾರು ಐದು ಕಿಲೋ ಎಣ್ಣೆ. ಹಡಗಿನಲ್ಲಿ ಜಾಗವೇ ಸಿಗದ ಕಾಲದಲ್ಲಿ ಕೊರಡಿನ ಬದಲು ಎಣ್ಣೆ ಕಳಿಸುವುದು ಲಾಭದ ಮಾತು. ಎರಡನೆಯದು, ಗಂಧದೆಣ್ಣೆ ಬರಿಯ ಸುಗಂಧವಾಗಿರಲಿಲ್ಲ. ಮೂತ್ರನಾಳದ ಸೋಂಕಿಗೆ, ಮೇಹರೋಗಕ್ಕೆ ವೈದ್ಯರು ಕೊಡುತ್ತಿದ್ದ ಅಂಗೀಕೃತ ಔಷಧವೂ ಆಗಿತ್ತು. ಸೈನ್ಯಗಳು ಬೀಡುಬಿಟ್ಟ ಕಾಲದಲ್ಲಿ ಅಂಥ ಔಷಧಕ್ಕೆ ಬೇಡಿಕೆ ಕಡಿಮೆಯಾಗುವಂಥದ್ದಲ್ಲ. ಸಂಸ್ಥಾನದ ಹೆಮ್ಮೆಯ ಎಣ್ಣೆಯ ಚರಿತ್ರೆಯಲ್ಲಿ ಈ ಅಂಶವನ್ನು ಹೇಳಲು ಲೇಖಕರು ತುಸು ಮುಜುಗರಪಡುತ್ತಾರೆ. ಎಣ್ಣೆಯ ಬೆನ್ನಿಗೇ ಸಾಬೂನು ಬಂತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್.ಜಿ. ಶಾಸ್ತ್ರಿಯವರ ಶ್ರಮದಿಂದ ಮೈಸೂರು ಸ್ಯಾಂಡಲ್ ಸೋಪು ರೂಪುಗೊಂಡಿತು. ಕಚ್ಚಾವಸ್ತು ಸ್ವಂತದ್ದು, ತಿಳಿವಳಿಕೆ ಬೆಂಗಳೂರಿನದೇ ಪ್ರಯೋಗಾಲಯದ್ದು, ಬೇಕಾದ ಯಂತ್ರ ಅಲ್ಪ. ಗಂಧದೆಣ್ಣೆಯ ಕಾರ್ಖಾನೆ ಯುದ್ಧ ಮುಗಿಯುವುದರೊಳಗೇ ಕೆಲಸ ಮಾಡತೊಡಗಿದ್ದು ಈ ಮೂರೂ ಕೂಡಿ ಬಂದದ್ದರಿಂದ.

ಭದ್ರಾವತಿಯಲ್ಲಿ ಹಾಗಾಗಲಿಲ್ಲ. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು ಇತ್ತು, ಆದರೆ ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಕಾಡಿನ ಸೌದೆಯನ್ನು ಬಟ್ಟಿ ಇಳಿಸಿ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು, ಬಟ್ಟಿಯಲ್ಲಿ ಬರುವ ಟಾರು, ಮರದ ಮದ್ಯಸಾರ ಮುಂತಾದವನ್ನು ಬೇರೆ ಮಾರುವುದು ಎಂಬ ಯೋಜನೆ ಸಿದ್ಧವಾಯಿತು. ಅಮೆರಿಕದ ತಜ್ಞ ಸಿ.ಪಿ. ಪೆರಿನ್ ಸಲಹೆಗಾರರು. ಕಬ್ಬಿಣದ ಬೆಲೆ ಮುಗಿಲು ಮುಟ್ಟಿದ್ದ ಯುದ್ಧದ ವರ್ಷಗಳಲ್ಲಿ ಲೆಕ್ಕಗಳೆಲ್ಲ ಚೆಂದವಾಗಿಯೇ ಕಂಡವು. ಯಂತ್ರಗಳು ಬಂದು, ಕುಲುಮೆ ನಿಂತು, ಮೊದಲ ಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಬೆಲೆ ನೆಲ ಕಚ್ಚಿತ್ತು. ಕಟ್ಟುವ ಖರ್ಚು ದುಬಾರಿ ಕಾಲದ್ದು, ಮಾರುವ ದರ ಅಗ್ಗದ ಕಾಲದ್ದು. ವಿಶ್ವೇಶ್ವರಯ್ಯನವರೇ 1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಖರ್ಚು ಕಡಿತ ಮಾಡಿ, ಎರಕದ ಕೊಳವೆಗಳಂಥ ಹೊಸ ಸರಕು ಸೇರಿಸಿ ಅದನ್ನು ನಿಲ್ಲಿಸಬೇಕಾಯಿತು. ಕಾರ್ಖಾನೆ ವಿಫಲವೆಂದು ಆಗ ಟೀಕಿಸಿದವರು ಹಲವರು. ಅದು ಯುದ್ಧದ ಕೂಸಾಗಿಯೂ ಯುದ್ಧದ ಫಲ ಉಣ್ಣದೆ ಹೋಯಿತೆಂಬುದನ್ನು ಆ ಟೀಕೆ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಧ್ಯದ ಎರಡು ದಶಕಗಳನ್ನು ಇಲ್ಲಿ ಬೇಗ ದಾಟಬಹುದು. 1931ರಲ್ಲಿ ಬ್ರಿಟನ್ ಚಿನ್ನದ ನಾಣ್ಯ ಪದ್ಧತಿ ಬಿಟ್ಟ ಮೇಲೆ ಚಿನ್ನದ ಬೆಲೆ ಏರಿ, ಬಡ ಅದಿರೂ ತೆಗೆಯಲು ಲಾಯಕ್ಕಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮಂಡ್ಯದ ಸಕ್ಕರೆ, ಭದ್ರಾವತಿಯ ಕಾಗದ ಮತ್ತು ಸಿಮೆಂಟು, ಬೆಂಗಳೂರಿನ ಪಿಂಗಾಣಿ ಕಾರ್ಖಾನೆಗಳು ಸೇರಿಕೊಂಡವು. 1936ರಲ್ಲಿ ಭದ್ರಾವತಿಯಲ್ಲಿ ಉಕ್ಕಿನ ಘಟಕವೂ ಬಂತು. ಎರಡನೆಯ ಯುದ್ಧ ಬಂದಾಗ ಸಂಸ್ಥಾನ 1914ರ ಹಾಗೆ ಬರಿಗೈಯಲ್ಲಿರಲಿಲ್ಲ.

1939ರಲ್ಲಿ ಲಂಡನ್ನಿನ ಅಧಿಕೃತ ಬೆಲೆ ಔನ್ಸಿಗೆ 168 ಷಿಲಿಂಗ್, ಅಂದರೆ ಮೊದಲ ಯುದ್ಧಕಾಲದ ದರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು. ಮುಂಬಯಿ ಪೇಟೆಯಲ್ಲಂತೂ ಯುದ್ಧ ಮುಂದುವರಿದ ಹಾಗೆ ಚಿನ್ನ ಇನ್ನೂ ತುಟ್ಟಿಯಾಯಿತು. ಆದರೂ ಉತ್ಪಾದನೆ ಇಳಿಯುತ್ತ ಹೋಯಿತು. ವರ್ಷಕ್ಕೆ ಸುಮಾರು 3 ಲಕ್ಷ ಔನ್ಸ್ ಇದ್ದದ್ದು 1945ರ ಹೊತ್ತಿಗೆ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಗಣಿಗಳು ಬಲು ಆಳಕ್ಕಿಳಿದು, ಬಂಡೆ ಸಿಡಿತದ ಅಪಾಯ, ಸುರಂಗದ ಬಿಸಿ, ಗಾಳಿ ತಂಪು ಮಾಡುವ ಖರ್ಚು ಹೆಚ್ಚಿದ್ದವು. ಯಂತ್ರ, ಬಿಡಿಭಾಗ ಮೊದಲು ಸಲ್ಲುತ್ತಿದ್ದುದು ಯುದ್ಧ ಸಾಮಗ್ರಿಯ ಕಾರ್ಖಾನೆಗಳಿಗೆ. ಸೈನ್ಯದ ಕಾಮಗಾರಿಗಳು ಮತ್ತು ಬೆಂಗಳೂರಿನ ಹೊಸ ಕಾರ್ಖಾನೆಗಳು ಆಳುಗಳನ್ನು ಸೆಳೆದುಕೊಂಡವು. ಗಣಿ ಹೊಟ್ಟೆಯೊಳಗೆ ಇಳಿಯುವುದಕ್ಕಿಂತ ನೆಲದ ಮೇಲೆ ಕೂಲಿ ಸಿಗುವಾಗ ಅದನ್ನು ಆರಿಸಿಕೊಂಡವರನ್ನು ತಪ್ಪು ಹೇಳುವಂತಿಲ್ಲ.

ಗಣಿ ಕೆಲಸಗಾರರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತಿನ ದಲಿತ ಕುಟುಂಬಗಳವರು. 1930ರಲ್ಲಿ ಬೆರಳಚ್ಚು ತೆಗೆದುಕೊಳ್ಳುವ ನೋಂದಣಿ ಕ್ರಮವನ್ನು ವಿರೋಧಿಸಿ ಮುಷ್ಕರ ಹೂಡಿ ಅದನ್ನು ನಿಲ್ಲಿಸಿದ್ದವರು. ಯುದ್ಧಕಾಲದಲ್ಲಿ ಅಕ್ಕಿ, ರಾಗಿ, ಬಟ್ಟೆಯ ಬೆಲೆ ಏರಿ ಕೂಲಿ ಅಲ್ಲೇ ನಿಂತಾಗ ತುಟ್ಟಿಭತ್ಯೆಯೇ ಎಲ್ಲ ಬೇಡಿಕೆಗಳ ಮುಂದೆ ಬಂದು ನಿಂತಿತು. 1940-41ರಲ್ಲಿ ಬೆಂಗಳೂರಿನ ಗಿರಣಿಗಳಲ್ಲೂ ಗಣಿಯಲ್ಲೂ ಮುಷ್ಕರಗಳ ಸಾಲೇ ನಡೆಯಿತು. ಅದರ ಫಲವಾಗಿ 1941ರ ತುರ್ತು ಕಾನೂನು, 1942ರ ಮೈಸೂರು ಕಾರ್ಮಿಕ ಕಾಯಿದೆ ಬಂದು, ಸಂಘ ಕಟ್ಟಿಕೊಳ್ಳುವ ಹಕ್ಕಿಗೆ ಸಂಸ್ಥಾನದಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. ಮುಷ್ಕರ ಹೂಡುವುದಕ್ಕೆ ಅದೇ ಕಾನೂನು ಕಡಿವಾಣವನ್ನೂ ಹಾಕಿತು. ಯುದ್ಧ ಮುಗಿದರೂ ಗಣಿಯ ಒಳಬೇಗುದಿ ಆರಲಿಲ್ಲ. 1946ರ ನವೆಂಬರ್‌ನಲ್ಲಿ ಪೊಲೀಸರ ಗೋಲಿಬಾರಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು.

ಎರಡನೆಯ ಯುದ್ಧ ಮೈಸೂರಿಗೆ ತಂದ ದೊಡ್ಡ ಉದ್ಯಮ ವಿಮಾನದ್ದು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅಮೆರಿಕದ ವಿಲಿಯಂ ಪಾವ್ಲಿಯವರ ಜೊತೆ ಸೇರಿ ಭಾರತದಲ್ಲಿ ವಿಮಾನ ಕಾರ್ಖಾನೆ ತೆರೆಯಲು ಮುಂದಾದಾಗ, ಮಿರ್ಜಾ ಇಸ್ಮಾಯಿಲ್ ಜಾಗವನ್ನೂ ಬಂಡವಾಳವನ್ನೂ ಕೊಡಲೊಪ್ಪಿದರು. ಬೆಂಗಳೂರು ಕಡಲಿಗೆ ದೂರ, ಹವೆ ಹಿತ, ಅಗ್ಗದ ವಿದ್ಯುತ್ತು ಉಂಟು, ವಿಜ್ಞಾನ ಸಂಸ್ಥೆ ಉಂಟು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಮೈಸೂರು ಸರ್ಕಾರ 25 ಲಕ್ಷ ರೂಪಾಯಿ ಹೂಡಿತು. ಭಾರತ ಸರ್ಕಾರವೂ ಅಷ್ಟೇ ಮೊತ್ತದ ಪಾಲು ಪಡೆಯಿತು. ಮುಂದಿನ ವರ್ಷವೇ ಹಾರ್ಲೋ ತರಬೇತಿ ವಿಮಾನವೊಂದು ಇಲ್ಲಿ ಜೋಡಣೆಗೊಂಡು ಹಾರಿತು.

1941ರ ಕೊನೆಯಲ್ಲಿ ಜಪಾನ್ ಯುದ್ಧಕ್ಕಿಳಿದದ್ದೇ ಲೆಕ್ಕ ಬದಲಾಯಿತು. ಬರ್ಮಾ ರಂಗಕ್ಕೆ ಬೇಕಾಗಿದ್ದದ್ದು ಹೊಸ ವಿಮಾನ ಕಟ್ಟುವ ಕಲಿಕೆಯಲ್ಲ, ಪೆಟ್ಟು ತಿಂದ ವಿಮಾನಗಳ ತ್ವರಿತ ರಿಪೇರಿ. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡು ಆಡಳಿತ ವಹಿಸಿಕೊಂಡಿತು. ಮೈಸೂರು ತನ್ನ ಷೇರು ಇಟ್ಟುಕೊಂಡು, ಯುದ್ಧ ಮುಗಿಯುವವರೆಗೆ ಆಡಳಿತದಲ್ಲಿ ಬಾಯಿ ಹಾಕದಿರಲು ಒಪ್ಪಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಯಿತು. ಸಾಗಣೆಯ ಡಕೋಟಾಗಳು, ಬಾಂಬರುಗಳು, ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದ ಕ್ಯಾಟಲೀನಾ ನೀರುವಿಮಾನಗಳು ಇಲ್ಲಿ ದುರಸ್ತಿಯಾದವು. ವಿಮಾನ ನಿರ್ಮಾಣದ ಕನಸು ಬದಿಗೆ ಸರಿಯಿತು. ಆದರೆ ಹತ್ತಿರದ ಹಳ್ಳಿಗಳಿಂದಲೂ ಊರೊಳಗಿನಿಂದಲೂ ಬಂದ ಸಾವಿರಾರು ಯುವಕರು ಫಿಟ್ಟರು, ಟರ್ನರು, ವೆಲ್ಡರುಗಳಾಗಿ ಹೊರಬಂದರು. 1942ರ ಕೊನೆಯಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವೂ ತೆರೆಯಿತು.

ಇತರ ಉದ್ಯಮಗಳಿಗೂ ಕೈತುಂಬ ಕೆಲಸ ಬಂತು. ಮೂವತ್ತರ ದಶಕದಲ್ಲಿ ಅಗ್ಗದ ಜಪಾನ್ ರೇಷ್ಮೆಯ ಮುಂದೆ ಸೋತಿದ್ದ ಮೈಸೂರಿನ ರೇಷ್ಮೆ ಬೆಳೆಗಾರರಿಗೆ, ಆ ಆಮದು ನಿಂತೊಡನೆ ಪ್ಯಾರಾಚೂಟ್ ಬಟ್ಟೆಗೆ ಬೇಕಾದ ನೂಲಿನ ಬೇಡಿಕೆ ಕುದುರಿತು. ಭದ್ರಾವತಿಯ ಕಬ್ಬಿಣ, ಉಕ್ಕಿಗೆ ಮೊದಲ ಬಾರಿಗೆ ಕೊಳ್ಳುವವರನ್ನು ಹುಡುಕಬೇಕಾಗಲಿಲ್ಲ. ಯುದ್ಧದ ನಡುವೆಯೇ ಅಲ್ಲಿ ಫೆರೋಸಿಲಿಕಾನ್ ಘಟಕವೂ ಸೇರಿಕೊಂಡಿತು. ಈ ಕುಲುಮೆಗಳಿಗೆ ಉರಿದ ಸೌದೆಯೆಲ್ಲ ಮಲೆನಾಡಿನ ಕಾಡಿನದು. ವಿದ್ಯುತ್ತು ಮಾತ್ರ ಬೇಡಿಕೆಯಷ್ಟು ಬೆಳೆಯಲಿಲ್ಲ. 1940ರಲ್ಲಿ ಶಿಂಷಾ ಕೇಂದ್ರ ಚಾಲೂ ಆಯಿತು, ಆದರೆ 1939ರಲ್ಲಿ ಅಡಿಗಲ್ಲು ಹಾಕಿದ್ದ ಜೋಗದ ಯೋಜನೆ ಹೊರದೇಶದ ಯಂತ್ರ ಸಿಗದೆ ಕುಂಟಿತು.

ಶಾಂತಿ ಬಂದಾಗ ಯುದ್ಧದ ಬೇಡಿಕೆ ಹಠಾತ್ತನೆ ನಿಂತಿತು. ವಿಮಾನ ಕಾರ್ಖಾನೆ ಕೆಲಸಗಾರರನ್ನು ಉಳಿಸಿಕೊಳ್ಳಲು ರೈಲು ಬೋಗಿ, ಬಸ್ಸಿನ ಒಡಲು ಕಟ್ಟಿತು. ಅದರ ಸ್ವಂತ ವಿನ್ಯಾಸದ ಎಚ್‌ಟಿ-2 ತರಬೇತಿ ವಿಮಾನ ಹಾರಿದ್ದು 1951ರಲ್ಲಿ. ರೇಷ್ಮೆಯ ದರ ಮತ್ತೆ ಜಾರಿ, ಅದನ್ನು ಕಾಯಲು 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬಂತು. ಜೋಗದ ವಿದ್ಯುತ್ತು ಹರಿದದ್ದು 1948ರಲ್ಲಿ. ಲಂಡನ್ನಿನ ಕಂಪನಿಗಳ ಕೈಯಲ್ಲೇ ಉಳಿದಿದ್ದ ಕೋಲಾರದ ಗಣಿಗಳನ್ನು ಮೈಸೂರು ಸರ್ಕಾರ 1956ರಲ್ಲಿ ವಹಿಸಿಕೊಂಡಿತು.