ಮಳೆ, ಧೂಳು ತಡೆಯುವ ಕ್ಯಾಮೆರಾ: ಬಾಡಿಗಿಂತ ಮೊದಲು ಲೆನ್ಸ್ ನೋಡಿ

ಬೆಂಗಳೂರು: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮತ್ತು ಕೆಂಗೇರಿಯ ಹವ್ಯಾಸಿ ಛಾಯಾಗ್ರಾಹಕರಿಗೆ ಒಂದು ಅನುಕೂಲವಿದೆ. ಮಾಗಡಿ ರಸ್ತೆ ಹಿಡಿದರೆ ಸಾವನದುರ್ಗ, ಮೈಸೂರು ರಸ್ತೆ ಹಿಡಿದರೆ ರಾಮನಗರದ ಬೆಟ್ಟಗಳು, ಕೊಕ್ಕರೆ ಬೆಳ್ಳೂರು, ರಂಗನತಿಟ್ಟು. ಅಷ್ಟು ದೂರ ಹೋಗಲಾಗದವರಿಗೆ ಜ್ಞಾನಭಾರತಿ ಆವರಣವೂ ತುರಹಳ್ಳಿ ಅರಣ್ಯವೂ ಇವೆ. ಆದರೆ ಬೇಸಿಗೆಯ ಧೂಳು ಮತ್ತು ಮಳೆಗಾಲದ ತೇವ ಕ್ಯಾಮೆರಾದ ಶತ್ರುಗಳು. ನಗರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 98 ಸೆಂ.ಮೀ. ಮಳೆಯಾದರೆ, ಇಲ್ಲಿಂದ ಅನೇಕರು ಮಳೆಗಾಲದಲ್ಲಿ ತೆರಳುವ ಆಗುಂಬೆಯಲ್ಲಿ ಅದರ ಏಳು ಪಟ್ಟಿಗೂ ಹೆಚ್ಚು ಸುರಿಯುತ್ತದೆ.

ಹತ್ತು–ಹದಿನೈದು ವರ್ಷಗಳ ಹಿಂದೆ ಕೊಂಡ ಡಿಎಸ್ಎಲ್ಆರ್ ಈಗ ಮುಪ್ಪಿನ ಲಕ್ಷಣ ತೋರುತ್ತಿದ್ದರೆ, ಅದರ ಬದಲಿಗೆ ಹವಾಮಾನ ನಿರೋಧಕ ಕ್ಯಾಮೆರಾವನ್ನು ಆರಿಸಿಕೊಳ್ಳುವುದು ಸಹಜ. ಬಿಡುಗಡೆಯ ಸಮಯದಲ್ಲಿ ಈ ದರ್ಜೆಯ ಬಹುತೇಕ ಬಾಡಿಗಳ ಬೆಲೆ ಲಕ್ಷ ರೂಪಾಯಿ ದಾಟಿತ್ತು. ಇಷ್ಟು ಹಣ ತೆತ್ತ ನಂತರವೂ ಮೊದಲ ಮಳೆಯಲ್ಲೇ ಕ್ಯಾಮೆರಾ ಕೆಡುವ ಸಾಧ್ಯತೆ ಇದೆ. ಅದಕ್ಕೆ ಮುಖ್ಯ ಕಾರಣ, ಜತೆಗೆ ಹಾಕಿದ ಲೆನ್ಸ್.

ಕ್ರಾಪ್ ಸೆನ್ಸರ್ ಏಕೆ?

ಫುಲ್ ಫ್ರೇಮ್ ಸೆನ್ಸರ್‌ನ ಅಳತೆ 36x24 ಮಿ.ಮೀ. ಕ್ರಾಪ್ ಸೆನ್ಸರ್ ಎಂದು ಕರೆಯಲಾಗುವ ಎಪಿಎಸ್-ಸಿ ಸೆನ್ಸರ್‌ನ ಅಳತೆ ಸುಮಾರು 23.5x15.6 ಮಿ.ಮೀ. ಕೆನಾನ್‌ನಲ್ಲಿ ಇದು ಇನ್ನೂ ತುಸು ಚಿಕ್ಕದು. ಇದರಿಂದಾಗಿ 300 ಮಿ.ಮೀ. ಲೆನ್ಸ್ ಸುಮಾರು 450 ಮಿ.ಮೀ. ಲೆನ್ಸಿನಷ್ಟು ಕಿರಿದಾದ ನೋಟ ನೀಡುತ್ತದೆ. ಕೆನಾನ್‌ನಲ್ಲಿ 480 ಮಿ.ಮೀ.ನಷ್ಟು. ಪಕ್ಷಿಗಳ ಚಿತ್ರ ತೆಗೆಯುವವರಿಗೆ ಕಡಿಮೆ ತೂಕ, ಕಡಿಮೆ ಖರ್ಚಿನಲ್ಲಿ ಇದೊಂದು ಲಾಭ.

ನಿರೋಧಕವೆಂದರೆ ಜಲನಿರೋಧಕವಲ್ಲ

ಹವಾಮಾನ ನಿರೋಧಕ ಕ್ಯಾಮೆರಾದಲ್ಲಿ ಗುಂಡಿ, ಡಯಲ್, ಬ್ಯಾಟರಿ ಮುಚ್ಚಳ, ಕಾರ್ಡ್ ಮುಚ್ಚಳ ಹಾಗೂ ಹೊರಕವಚದ ಸಂದುಗಳಲ್ಲಿ ರಬ್ಬರ್ ಪಟ್ಟಿಗಳಿರುತ್ತವೆ. ಇವು ತುಂತುರು ಮತ್ತು ಧೂಳನ್ನು ತಡೆಯುತ್ತವೆ. ನೀರಿನಲ್ಲಿ ಮುಳುಗಿಸಲು ಅಲ್ಲ. ಬಹುತೇಕ ತಯಾರಕರು ‘ಧೂಳು ಮತ್ತು ತೇವಾಂಶ ನಿರೋಧಕ ವಿನ್ಯಾಸ’ ಎಂದಷ್ಟೇ ಹೇಳುತ್ತಾರೆ, ಅಳೆಯಬಹುದಾದ ದರ್ಜೆ ನೀಡುವುದಿಲ್ಲ. 2022ರಲ್ಲಿ ಬಂದ ಓಎಂ ಸಿಸ್ಟಂ ಓಎಂ-1 ಇದಕ್ಕೆ ಅಪವಾದ. ನಿಗದಿತ ಲೆನ್ಸ್‌ಗಳೊಂದಿಗೆ ಅದಕ್ಕೆ ಐಪಿ53 ದರ್ಜೆಯಿದೆ. ಇಲ್ಲಿ 5 ಎಂಬುದು ಧೂಳಿನಿಂದ ರಕ್ಷಣೆಯನ್ನೂ, 3 ಎಂಬುದು ಲಂಬದಿಂದ 60 ಡಿಗ್ರಿಯವರೆಗಿನ ಕೋನದಲ್ಲಿ ಬೀಳುವ ನೀರಿನ ಸಿಂಪರಣೆಯಿಂದ ರಕ್ಷಣೆಯನ್ನೂ ಸೂಚಿಸುತ್ತದೆ. ಆದರೆ ಅದರ ಸೆನ್ಸರ್ ಎಪಿಎಸ್-ಸಿಗಿಂತ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಎಂಬುದನ್ನು ಗಮನಿಸಬೇಕು.

ವಾರಂಟಿಯ ವಿಚಾರವೂ ಮುಖ್ಯ. ಸಾಮಾನ್ಯವಾಗಿ ನೀರಿನಿಂದಾದ ಹಾನಿ ಇದರ ವ್ಯಾಪ್ತಿಗೆ ಬರುವುದಿಲ್ಲ. ಖರೀದಿಗೆ ಮುನ್ನ ಷರತ್ತುಗಳನ್ನು ಓದಿಕೊಳ್ಳುವುದು ಒಳಿತು.

ಸರಪಳಿಯ ದುರ್ಬಲ ಕೊಂಡಿ

ಬಾಡಿ ಎಷ್ಟೇ ಭದ್ರವಾಗಿದ್ದರೂ ಲೆನ್ಸ್ ಜೋಡಣೆಯಾಗುವ ಮೌಂಟ್‌ನಲ್ಲಿ ರಬ್ಬರ್ ಉಂಗುರ ಇಲ್ಲದಿದ್ದರೆ ನೀರು ಅಲ್ಲಿಂದಲೇ ಒಳನುಗ್ಗುತ್ತದೆ. ಜೂಮ್ ಮಾಡುವಾಗ ಮುಂದಕ್ಕೆ ಚಾಚುವ ಲೆನ್ಸ್ ಗಾಳಿಯನ್ನು ಒಳಗೆಳೆದುಕೊಳ್ಳುವುದರಿಂದ ಅದರೊಂದಿಗೆ ಧೂಳೂ ಬರುತ್ತದೆ. ವಿಪರ್ಯಾಸವೆಂದರೆ ಬಾಡಿಯೊಂದಿಗೆ ‘ಕಿಟ್’ ಆಗಿ ಮಾರಾಟವಾಗುವ ಹಲವು ಲೆನ್ಸ್‌ಗಳಿಗೆ ಈ ರಕ್ಷಣೆಯೇ ಇಲ್ಲ.

ಕೆನಾನ್: 32.5 ಮೆಗಾಪಿಕ್ಸೆಲ್‌ನ ಇಓಎಸ್ ಆರ್7 (2022) ನಿರೋಧಕ ಬಾಡಿ. ಆದರೆ ಕಿಟ್‌ನಲ್ಲಿ ಬರುವ 18-150 ಮಿ.ಮೀ. ಲೆನ್ಸ್ ಹಾಗಲ್ಲ. ಪಕ್ಷಿಪ್ರಿಯರು ಬಯಸುವ ಆರ್‌ಎಫ್ 100-400 ಕೂಡ ನಿರೋಧಕವಲ್ಲ. ದುಬಾರಿಯಾದ 100-500 ಎಲ್ ನಿರೋಧಕ.

ಫ್ಯೂಜಿಫಿಲ್ಮ್: 40 ಮೆಗಾಪಿಕ್ಸೆಲ್‌ನ ಎಕ್ಸ್-ಟಿ5 (2022) ಜತೆ ಹಳೆಯ 18-55 ಲೆನ್ಸ್ ಕೊಂಡರೆ ರಕ್ಷಣೆಯಿಲ್ಲ. 16-80, 16-50 (2024) ಹಾಗೂ 70-300 ಲೆನ್ಸ್‌ಗಳ ಹೆಸರಿನಲ್ಲಿ ‘ಡಬ್ಲ್ಯುಆರ್’ ಎಂಬ ಗುರುತಿದ್ದು, ಅವು ನಿರೋಧಕ.

ಸೋನಿ: 26 ಮೆಗಾಪಿಕ್ಸೆಲ್‌ನ ಎ6700 (2023) ಜತೆಗಿನ 16-50 ಪವರ್ ಜೂಮ್ ಹಾಗೂ 18-135 ನಿರೋಧಕವಲ್ಲ. 16-55 ಜಿ ಮತ್ತು 70-350 ಜಿ ನಿರೋಧಕ.

ಪೆಂಟಾಕ್ಸ್: ಕೆ-3 ಮಾರ್ಕ್ 3 (2021) ಡಿಎಸ್ಎಲ್ಆರ್. ಅಗ್ಗದ ಲೆನ್ಸ್‌ಗಳಲ್ಲೂ ‘ಡಬ್ಲ್ಯುಆರ್’ ನೀಡಿರುವುದು ಈ ಸಂಸ್ಥೆಯ ಹೆಗ್ಗಳಿಕೆ. ಆದರೆ ದುರಸ್ತಿ ಮತ್ತು ಬಿಡಿಭಾಗ ಎಲ್ಲಿ ದೊರೆಯುತ್ತವೆಂದು ಮೊದಲೇ ವಿಚಾರಿಸಿಕೊಳ್ಳಬೇಕು.

ನೈಕಾನ್: ಈ ವರ್ಗದ ನೆಚ್ಚಿನ ಮಾದರಿಯಾಗಿದ್ದ ಡಿ500 2016ರಲ್ಲಿ ಬಂದು 2022ರಲ್ಲಿ ನಿಂತಿತು. 2024ರ ಝಡ್50ರ ಎರಡನೇ ಆವೃತ್ತಿ ಬಂದಾಗಲೂ ಅದೇ ಮಟ್ಟದ ಕ್ರಾಪ್ ಸೆನ್ಸರ್ ಮಿರರ್‌ಲೆಸ್ ಮಾದರಿಯನ್ನು ನೈಕಾನ್ ತಂದಿರಲಿಲ್ಲ.

ಹಳೆಯ ಲೆನ್ಸ್‌ಗಳ ಗತಿ?

ಮನೆಯಲ್ಲಿರುವ ಲೆನ್ಸ್‌ಗಳನ್ನು ಲೆಕ್ಕ ಹಾಕಿದ ನಂತರವೇ ಬ್ರ್ಯಾಂಡ್ ಬದಲಿಸುವ ಯೋಚನೆ ಮಾಡಬೇಕು. ಕೆನಾನ್‌ನ ಇಎಫ್ ಮತ್ತು ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್7ರಲ್ಲಿ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ನೈಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಎಎಫ್-ಎಸ್ ಲೆನ್ಸ್‌ಗಳಿಗೆ ಆಟೋಫೋಕಸ್ ಉಂಟು. ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ಇಲ್ಲ. ಕೆನಾನ್‌ನ ಕೆಲವು ಎಲ್ ಲೆನ್ಸ್‌ಗಳಿಗೆ ಮುಂಭಾಗದಲ್ಲಿ ಫಿಲ್ಟರ್ ಅಳವಡಿಸಿದಾಗ ಮಾತ್ರ ರಕ್ಷಣೆ ಪೂರ್ಣವಾಗುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ

ಕೆನಾನ್ 7ಡಿ ಮಾರ್ಕ್ 2 (2014), ನೈಕಾನ್ ಡಿ500 ಮುಂತಾದ ಮಾದರಿಗಳು ಬಳಸಿದ ಸ್ಥಿತಿಯಲ್ಲಿ ಹೊಸದಕ್ಕಿಂತ ಅಗ್ಗ. ಇವೆರಡರ ಶಟರ್ ಆಯುಷ್ಯವನ್ನು 2 ಲಕ್ಷ ಕ್ಲಿಕ್‌ಗಳೆಂದು ತಯಾರಕರು ಅಂದಾಜಿಸಿದ್ದಾರೆ. ಆದರೆ ಶಟರ್ ಎಣಿಕೆ ಕಡಿಮೆ ಇದೆಯೆಂದ ಮಾತ್ರಕ್ಕೆ ರಬ್ಬರ್ ಪಟ್ಟಿಗಳು ಹೊಸತಾಗಿ ಉಳಿದಿರುವುದಿಲ್ಲ. ಕಾಲಕ್ರಮೇಣ ರಬ್ಬರ್ ಗಡಸಾಗುತ್ತದೆ. ಒಮ್ಮೆ ಬಿಚ್ಚಿ ದುರಸ್ತಿ ಮಾಡಿದ ಬಾಡಿಯಲ್ಲಿ ಪಟ್ಟಿಗಳು ಸರಿಯಾಗಿ ಕೂರದಿರುವ ಸಂಭವವೂ ಇದೆ. ಮುಚ್ಚಳಗಳನ್ನು ತೆರೆದು ಅಂಚುಗಳನ್ನು ಪರೀಕ್ಷಿಸಬೇಕು. ಮೌಂಟ್‌ನ ತಿರುಪುಗಳಲ್ಲಿ ತುಕ್ಕು ಕಂಡರೆ ಅಂತಹ ಕ್ಯಾಮೆರಾ ಬೇಡ.

ಮಳೆ ನಿಂತ ಮೇಲೆ

ನಿರೋಧಕ ಕ್ಯಾಮೆರಾಕ್ಕೂ ಆರೈಕೆ ಬೇಕು. ಒದ್ದೆಯಾದ ಬಾಡಿಯನ್ನು ಒಣಬಟ್ಟೆಯಿಂದ ಒರೆಸುವ ಮುನ್ನ ಲೆನ್ಸ್ ಕಳಚಬಾರದು, ಬ್ಯಾಟರಿ ಮುಚ್ಚಳ ತೆರೆಯಬಾರದು. ಎ.ಸಿ. ಕಾರಿನಿಂದ ತೇವಭರಿತ ಗಾಳಿಗೆ ಇಳಿಯುವಾಗ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ಚೀಲದಲ್ಲೇ ಬಿಟ್ಟರೆ ಗಾಜಿನ ಮೇಲೆ ಮಂಜು ಕೂರದು. ಮನೆಯಲ್ಲಿ ಗಾಳಿಯಾಡದ ಡಬ್ಬಿಯೊಳಗೆ ಸಿಲಿಕಾ ಜೆಲ್ ಇರಿಸಿ, ಸಾಪೇಕ್ಷ ಆರ್ದ್ರತೆಯನ್ನು ಶೇ. 40–50ರ ಆಸುಪಾಸಿನಲ್ಲಿ ಕಾಯ್ದುಕೊಂಡರೆ ಲೆನ್ಸಿಗೆ ಬೂಷ್ಟು ಹಿಡಿಯುವುದನ್ನು ತಡೆಯಬಹುದು.

ತೀರ್ಮಾನಕ್ಕೆ ಮುನ್ನ

ವರ್ಷದಲ್ಲಿ ಒಂದೆರಡು ದಿನ ಮಾತ್ರ ಮಳೆಯಲ್ಲಿ ಚಿತ್ರ ತೆಗೆಯುವವರಿಗೆ ಕ್ಯಾಮೆರಾದ ಮೇಲೆ ಹೊದಿಸುವ ಮಳೆಗವಸೇ ಸಾಕು. ಉಳಿದ ಹಣವನ್ನು ಉತ್ತಮ ಲೆನ್ಸಿಗೆ ವಿನಿಯೋಗಿಸಬಹುದು. ಮಲೆನಾಡಿಗೆ ಪದೇಪದೇ ಹೋಗುವವರು, ಹೊರಾಂಗಣ ಸಮಾರಂಭಗಳ ಚಿತ್ರೀಕರಣವನ್ನೇ ಜೀವನೋಪಾಯ ಮಾಡಿಕೊಂಡವರು ಬಾಡಿ ಮತ್ತು ನಿರೋಧಕ ಲೆನ್ಸ್ ಎರಡರ ಒಟ್ಟು ಬೆಲೆಯನ್ನು ಒಂದೇ ಮೊತ್ತವಾಗಿ ಪರಿಗಣಿಸಬೇಕು. ಎರಡಕ್ಕೂ ಹಣ ಸಾಲದಿದ್ದರೆ ದುಬಾರಿ ಬಾಡಿಯ ಬದಲು ಒಂದು ಮೆಟ್ಟಿಲು ಕೆಳಗಿನ ನಿರೋಧಕ ಬಾಡಿ ಹಾಗೂ ಒಂದೇ ಒಂದು ನಿರೋಧಕ ಲೆನ್ಸ್ ಕೊಳ್ಳುವುದು ಜಾಣತನ. 1971ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಘಗಳ ಸದಸ್ಯರ ಅನುಭವ ಕೇಳಿ, ಸಾಧ್ಯವಾದರೆ ಒಂದು ದಿನ ಬಾಡಿಗೆಗೆ ಪಡೆದು ಬಳಸಿ ನೋಡಿದ ನಂತರ ಹಣ ಪಾವತಿಸುವುದು ಕ್ಷೇಮ.