ಗೇಟಿಗೆ ಇನ್ನೊಂದು ಕಿಲೋಮೀಟರ್

1971ರ ಜೂನ್ 26. ಕೇರಳದ ಕಾರ್ಮಿಕನೊಬ್ಬ ಸೈಕಲ್ ತುಳಿಯುತ್ತ ಕಾರ್ಖಾನೆಗೆ ಹೊರಟಿದ್ದ. ಪಾಳಿ ನಾಲ್ಕೂವರೆಗೆ. ನಾಲ್ಕೂಕಾಲರ ಹೊತ್ತಿಗೆ, ಇನ್ನೊಂದು ಕಿಲೋಮೀಟರ್ ಇರುವಾಗ, ಲಾರಿ ಗುದ್ದಿ ಕೊರಳೆಲುಬು ಮುರಿಯಿತು. ಲಾರಿ ಅವನ ಮಾಲೀಕರದ್ದೇ.

ವಿಮಾದಾರನಾಗಿದ್ದ ಆತ ಇಎಸ್‌ಐ ಕಾಯ್ದೆಯಡಿ ಅಂಗವೈಕಲ್ಯ ಪರಿಹಾರ ಕೇಳಿದ. 1948ರ ಆ ಕಾಯ್ದೆಯ ಪ್ರಕಾರ ಗಾಯ ಉದ್ಯೋಗದ ಕಾರಣದಿಂದ, ಉದ್ಯೋಗದ ಅವಧಿಯಲ್ಲಿ ಆಗಿರಬೇಕು. ಕೆಲಸಕ್ಕೆ ಹೋಗುವುದು ಕೆಲಸವೇ? ಹೌದೆಂದು ಇಎಸ್‌ಐ ನ್ಯಾಯಾಲಯ ಹೇಳಿತು, ಕೇರಳ ಹೈಕೋರ್ಟೂ ಒಪ್ಪಿತು. ನಿಗಮ ಬಿಡಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಮೊದಲು ಇಬ್ಬರು ನ್ಯಾಯಮೂರ್ತಿಗಳಿಗೇ ಒಮ್ಮತ ಬರಲಿಲ್ಲ. 1996ರಲ್ಲಿ ದೊಡ್ಡ ಪೀಠ, ಆ ಅಪಘಾತಕ್ಕೂ ಉದ್ಯೋಗಕ್ಕೂ ಸಂಬಂಧವಿಲ್ಲ ಎಂದಿತು. ಕಾಯ್ದೆಯ ಅಕ್ಷರ ಹಿಡಿದು ಓದಿದರೆ ತೀರ್ಪನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೂ ಪಾಳಿ ಇಲ್ಲದಿದ್ದರೆ ಅವನು ಆ ಹೊತ್ತಿಗೆ ಆ ರಸ್ತೆಯಲ್ಲಿ ಏಕಿರುತ್ತಿದ್ದ?

2010ರ ತಿದ್ದುಪಡಿ ಕಾಯ್ದೆಗೆ 51-ಇ ಸೆಕ್ಷನ್ ಸೇರಿಸಿತು. ಮನೆಗೂ ಕೆಲಸಕ್ಕೂ ನಡುವಿನ ದಾರಿಯಲ್ಲಾದ ಅಪಘಾತವೂ ಈಗ ಉದ್ಯೋಗದ್ದೇ. ಹೊತ್ತು, ಜಾಗ, ಸಂದರ್ಭಗಳಿಗೆ ಉದ್ಯೋಗದ ನಂಟಿದೆಯೆಂದು ಸಾಬೀತಾಗಬೇಕು, ಅಷ್ಟೆ. ಆ ಸೈಕಲ್ ಸವಾರನ ಬಳಿ ಮೂರೂ ಇದ್ದವು. ತಿದ್ದುಪಡಿ ಬರುವಾಗ ಅವನ ಎಲುಬು ಮುರಿದು 39 ವರ್ಷವಾಗಿತ್ತು.