ಇಪ್ಪತ್ತೈದು ಮಂದಿಗೆ ‘ನ್ಯಾರಿ’: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸುಲಭ ಸಿಹಿ-ಖಾರ ತಿನಿಸುಗಳು

ಗೋಕಾಕ: ಮಳೆಗಾಲದಲ್ಲಿ ಘಟಪ್ರಭಾ ನದಿ ತುಂಬಿ ಹರಿಯತೊಡಗಿತೆಂದರೆ ಗೋಕಾಕ ಜಲಪಾತ, ಗೊಡಚಿನಮಲ್ಕಿ ಮತ್ತು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದತ್ತ ಜನರ ದಂಡೇ ಹರಿದು ಬರುತ್ತದೆ. ಈ ಭಾಗದಲ್ಲಿ ನೆಂಟರಿಷ್ಟರಿರುವ ಮನೆಗಳಲ್ಲಿ ರವಿವಾರ ಬೆಳಗಿನ ಹತ್ತು ಗಂಟೆಗೇ ಹದಿನೈದು, ಇಪ್ಪತ್ತು ಮಂದಿ ಸೇರುವುದು ಅಪರೂಪವಲ್ಲ. ಬೆಳಗಿನ ಉಪಾಹಾರಕ್ಕೆ ತಡವಾಗಿದೆ, ಮಧ್ಯಾಹ್ನದ ಊಟಕ್ಕೆ ಇನ್ನೂ ಹೊತ್ತಿದೆ. ಇಂತಹ ಹೊತ್ತಿನಲ್ಲಿ ಎಲ್ಲರಿಗೂ ಒಟ್ಟಿಗೆ ಏನು ಬಡಿಸಬೇಕೆಂಬ ಚಿಂತೆ ಮನೆಯವರನ್ನು ಕಾಡುತ್ತದೆ.

ನಗರದ ಹೋಟೆಲುಗಳು ಈ ಹೊತ್ತಿನ ಊಟವನ್ನು ‘ಬ್ರಂಚ್’ ಎನ್ನುತ್ತವೆ. ಬೆಳಗಾವಿ ಸೀಮೆಯ ರೈತರಿಗೆ ಇದು ಹೊಸತಲ್ಲ. ನಸುಕಿನಲ್ಲೇ ಚಹಾ ಕುಡಿದು ಹೊಲಕ್ಕೆ ಹೋದವರಿಗೆ ಹೊತ್ತು ಏರಿದ ಮೇಲೆ ಮನೆಯಿಂದ ಬರುವ ಬುತ್ತಿಯೇ ‘ನ್ಯಾರಿ’. ಮರಾಠಿಯ ‘ನ್ಯಾಹಾರಿ’ ಇದರ ಸೋದರ ಪದ. ರೊಟ್ಟಿ, ಪಲ್ಯ, ಚಟ್ನಿ, ಮೊಸರು, ಜೊತೆಗೊಂದಿಷ್ಟು ಬೆಲ್ಲ ಅದರಲ್ಲಿರುತ್ತಿತ್ತು. ಸೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಯ ದಿನಗಳಲ್ಲಿ ಹೊಲದಲ್ಲಿ ಚರಗ ಚೆಲ್ಲಿ, ಬಂಧು-ಬಳಗದವರೆಲ್ಲ ಸಾಲಾಗಿ ಕುಳಿತು ಉಣ್ಣುವ ಪದ್ಧತಿ ಇಂದಿಗೂ ಇದೆ. ಹೊಲದಲ್ಲಿ ಒಲೆ ಹೂಡುವ ಅಗತ್ಯವಿಲ್ಲದಂತೆ ಆ ದಿನದ ಬಹುತೇಕ ತಿನಿಸುಗಳನ್ನು ಮನೆಯಲ್ಲೇ ಮುಂಚಿತವಾಗಿ ಸಿದ್ಧಪಡಿಸಲಾಗುತ್ತದೆ. ಆದ್ದರಿಂದಲೇ ಅಡುಗೆ ಮಾಡಿದ ಮಹಿಳೆಯರೂ ಉಳಿದವರೊಡನೆ ಕುಳಿತು ಉಣ್ಣುವುದು ಸಾಧ್ಯವಾಗುತ್ತದೆ.

ಮನೆಗೆ ಬಂದ ಗುಂಪಿಗೆ ತಿನಿಸು ಆರಿಸುವಾಗಲೂ ಇದೇ ಸೂತ್ರ ಅನ್ವಯಿಸುತ್ತದೆ. ಒಂದು ದೋಸೆಗೆ 2 ನಿಮಿಷ ಹಿಡಿದರೆ, ತಲೆಗೆರಡರಂತೆ 25 ಮಂದಿಗೆ 50 ದೋಸೆ ಹೊಯ್ಯಲು 100 ನಿಮಿಷ ಬೇಕು. ಮೊದಲು ತಿಂದವರು ಕೈ ತೊಳೆದು ಹರಟೆಗೆ ಕುಳಿತರೂ ದೋಸೆ ಹೊಯ್ಯುವವರು ಒಲೆಯ ಮುಂದೆಯೇ ಉಳಿಯುತ್ತಾರೆ. ಪೂರಿ, ತಾಳಿಪಟ್ಟು, ಮಿರ್ಚಿ ಭಜಿಗಳ ಕಥೆಯೂ ಇದೇ. ಹೀಗಾಗಿ ಒಂದು ಬಿಸಿ ಖಾರ, ಒಂದು ಸಿಹಿ, ಮೊದಲೇ ಮಾಡಿಟ್ಟ ಒಂದು ತಿನಿಸು ಎಂಬ ಲೆಕ್ಕವೇ ಲೇಸು. ಇಲ್ಲಿ ನೀಡಿರುವ ಅಳತೆಗಳು 25 ಮಂದಿಗೆ ಸಾಲುವಂಥವು.

ಒಂದೇ ರವೆ, ಎರಡು ತಿನಿಸು

ಉತ್ತರ ಕರ್ನಾಟಕದ ಮದುವೆ ಮನೆಗಳ ಬೆಳಗಿನ ಪಂಕ್ತಿಯಲ್ಲಿ ಉಪ್ಪಿಟ್ಟು ಮತ್ತು ಶಿರಾ ಜೋಡಿಯಾಗಿಯೇ ಬರುತ್ತವೆ. ಬೆಂಗಳೂರಿನ ಹೋಟೆಲುಗಳಲ್ಲಿ ಇದೇ ಜೋಡಿ ಖಾರಾಭಾತ್-ಕೇಸರಿಭಾತ್ ಆಗಿ, ಒಂದೇ ತಟ್ಟೆಯಲ್ಲಿ ಬಂದಾಗ ‘ಚೌ ಚೌ ಭಾತ್’ ಎನಿಸಿಕೊಳ್ಳುತ್ತದೆ. ಎರಡಕ್ಕೂ ರವೆಯೇ ಮೂಲವಾದ್ದರಿಂದ ಹುರಿಯುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಹಿಂದಿನ ಸಂಜೆಯೇ 2 ಕೆ.ಜಿ. ರವೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಪೂರ್ತಿ ಆರಿದ ನಂತರ ಡಬ್ಬಿಗೆ ತುಂಬಿಡಬೇಕು.

ಬೆಳಿಗ್ಗೆ ಇದರಲ್ಲಿ 1.25 ಕೆ.ಜಿ. ರವೆಯನ್ನು ಉಪ್ಪಿಟ್ಟಿಗೆ ತೆಗೆದಿಡಬೇಕು. 250 ಮಿ.ಲೀ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಶೇಂಗಾ, ಕರಿಬೇವು, 20ರಷ್ಟು ಹಸಿಮೆಣಸಿನಕಾಯಿ ಮತ್ತು 750 ಗ್ರಾಂ ಉಳ್ಳಾಗಡ್ಡಿಯ ಒಗ್ಗರಣೆ ಹಾಕಿ, ನಾಲ್ಕೂವರೆಯಿಂದ ಐದು ಲೀಟರ್ ನೀರು ಮತ್ತು ಉಪ್ಪು ಸೇರಿಸಬೇಕು. ನೀರು ಚೆನ್ನಾಗಿ ಕುದಿಯುವಾಗ ಒಬ್ಬರು ರವೆ ಸುರಿಯುತ್ತ ಮತ್ತೊಬ್ಬರು ಕೈಯಾಡಿಸುತ್ತಿದ್ದರೆ ಗಂಟಾಗುವುದಿಲ್ಲ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿ, ಕೊನೆಯಲ್ಲಿ ನಿಂಬೆರಸ ಹಿಂಡಬೇಕು.

ಉಳಿದ 750 ಗ್ರಾಂ ರವೆ ಶಿರಾಕ್ಕೆ. ಇದಕ್ಕೆ 750 ಗ್ರಾಂ ಸಕ್ಕರೆ, 400 ಗ್ರಾಂ ತುಪ್ಪ, ಹಾಲು-ನೀರು ಸೇರಿ ಎರಡೂವರೆ ಲೀಟರ್ ಬೇಕು. ಅರ್ಧ ತುಪ್ಪದಲ್ಲಿ ರವೆಯನ್ನು ಬೆಚ್ಚಗೆ ಮಾಡಿ, ಕುದಿಯುವ ಹಾಲು-ನೀರು ಹಾಕಿ, ರವೆ ಪೂರ್ತಿ ಅರಳಿದ ಮೇಲೆಯೇ ಸಕ್ಕರೆ ಸೇರಿಸಬೇಕು. ಸಕ್ಕರೆ ತಾನೇ ನೀರನ್ನು ಹಿಡಿದುಕೊಳ್ಳುವುದರಿಂದ, ಮೊದಲೇ ಹಾಕಿದರೆ ರವೆ ಬೇಯದೆ ಗಟ್ಟಿಯಾಗಿ ಉಳಿಯುತ್ತದೆ. ಉಳಿದ ತುಪ್ಪ, ಯಾಲಕ್ಕಿ, ದ್ರಾಕ್ಷಿ, ಗೋಡಂಬಿ ಕೊನೆಯಲ್ಲಿ. ಸಕ್ಕರೆಯ ಬದಲು ಬೆಲ್ಲ ಬಳಸುವವರು ಹಾಲನ್ನು ಬಿಟ್ಟು ಬರೀ ನೀರಿನಲ್ಲಿ ಬೇಯಿಸುವುದು ಒಳಿತು. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಸಂಭವವಿದೆ.

ಹದಿನೈದು ನಿಮಿಷದ ಸುಸಲಾ

ರವೆ ಬೇಡವೆಂದರೆ ಚುರಮುರಿ ಸುಸಲಾ ಇದೆ. 1 ಕೆ.ಜಿ. ಚುರಮುರಿ, 200 ಗ್ರಾಂ ಪುಟಾಣಿ ಹಿಟ್ಟು, ಅರ್ಧ ಕೆ.ಜಿ. ಉಳ್ಳಾಗಡ್ಡಿ, 200 ಮಿ.ಲೀ. ಎಣ್ಣೆ, ಹಸಿಮೆಣಸಿನಕಾಯಿ, ಶೇಂಗಾ, ಅರಿಸಿಣ, ಕೊತ್ತಂಬರಿ ಮತ್ತು ಮೂರು ನಿಂಬೆಹಣ್ಣು ಸಾಕು. ಒಗ್ಗರಣೆಯನ್ನು ದೊಡ್ಡ ಬುಟ್ಟಿಯಲ್ಲಿ ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಚುರಮುರಿಯನ್ನು ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಅದ್ದಿ, ಕೆಲವೇ ಕ್ಷಣಗಳಲ್ಲಿ ತೆಗೆದು ಹಿಂಡಿ ಒಗ್ಗರಣೆಗೆ ಸೇರಿಸಬೇಕು. ಪುಟಾಣಿ ಹಿಟ್ಟು ಉಳಿದ ಪಸೆಯನ್ನು ಹೀರಿ ಸುಸಲಾವನ್ನು ಉದುರುದುರಾಗಿಸುತ್ತದೆ. ಚುರಮುರಿಯಲ್ಲಿಯೇ ಉಪ್ಪಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಬೇಕು. ಅರ್ಧ ಗಂಟೆ ಮೀರಿದರೆ ಇದು ಮುದ್ದೆಯಾಗುತ್ತದೆ. ಹೀಗಾಗಿ ಎಲ್ಲರೂ ಬಂದು ಕುಳಿತ ಮೇಲೆಯೇ ಚುರಮುರಿ ನೆನೆಸಬೇಕು. ಜೊತೆಗೆ ಮಿರ್ಚಿ ಭಜಿ ಬೇಕೇಬೇಕು ಎನ್ನುವವರು ಅಂಗಡಿಯಿಂದ ತರಿಸುವುದು ಸೂಕ್ತ.

ರಾತ್ರಿಯೇ ಸಿದ್ಧವಾಗುವ ಹಚ್ಚಿದ ಅವಲಕ್ಕಿ

ಒಲೆಯ ಕೆಲಸ ಅತಿ ಕಡಿಮೆ ಇರುವುದು ಹಚ್ಚಿದ ಅವಲಕ್ಕಿಗೆ. 1 ಕೆ.ಜಿ. ತೆಳು ಅವಲಕ್ಕಿಯನ್ನು ಬಿಸಿಲಿಗೆ ಹಾಕಿ ಅಥವಾ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಗರಿಗರಿಯಾಗಿಸಬೇಕು. 200 ಮಿ.ಲೀ. ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಶೇಂಗಾ, ಪುಟಾಣಿ ಹುರಿದು, ಎಣ್ಣೆ ಆರಿದ ನಂತರ ಖಾರದ ಪುಡಿ, ಮೆಂತ್ಯದ ಹಿಟ್ಟು, ಉಪ್ಪು, ಚಿಟಿಕೆ ಸಕ್ಕರೆ ಬೆರೆಸಿ ಅವಲಕ್ಕಿಗೆ ಹಗುರವಾಗಿ ಹಚ್ಚಬೇಕು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರನ್ನೇ ಹೊತ್ತ ಸಂಕೇಶ್ವರಿ ಮೆಣಸಿನಕಾಯಿಯ ಪುಡಿ ಬಳಸುವವರು ಅಳತೆಯನ್ನು ಎಚ್ಚರದಿಂದ ಹಾಕಬೇಕು. ಗಾಳಿಯಾಡದ ಡಬ್ಬಿಯಲ್ಲಿ ಇದು ಹಲವು ದಿನ ಕೆಡದೆ ಉಳಿಯುತ್ತದೆ. ಬಡಿಸುವಾಗ ಮಾತ್ರ ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಕೊಬ್ಬರಿ ಸೇರಿಸಿ, ಪಕ್ಕದಲ್ಲಿ ಗಟ್ಟಿ ಮೊಸರು ಇಟ್ಟರೆ ಸಾಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕೂಡ ಇದೇ ಸಾಲಿಗೆ ಸೇರುತ್ತವೆ.

ಮಾದಲಿ ಮತ್ತು ಕರದಂಟು

ಜಾತ್ರೆ, ಹಬ್ಬಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡುವ ಮಾದಲಿಯೂ ಹಿಂದಿನ ದಿನವೇ ಆಗುವ ಸಿಹಿ. 1 ಕೆ.ಜಿ. ತರಿಯಾದ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ದಪ್ಪ ಚಪಾತಿ ಲಟ್ಟಿಸಿ, ಚೆನ್ನಾಗಿ ಬೇಯಿಸಿ, ಚೂರು ಮಾಡಿ ತರಿತರಿಯಾಗಿ ಪುಡಿ ಮಾಡಬೇಕು. 600 ಗ್ರಾಂ ಬೆಲ್ಲದ ಪುಡಿ, ಒಣಕೊಬ್ಬರಿ, ಗಸಗಸೆ, ಪುಟಾಣಿ, ಯಾಲಕ್ಕಿ, ಜಾಜಿಕಾಯಿ ಬೆರೆಸಬೇಕು. ತಟ್ಟೆಗೆ ಹಾಕಿದ ಮೇಲೆ ಬಿಸಿ ಹಾಲು, ತುಪ್ಪ ಎರೆದುಕೊಂಡು ತಿನ್ನುವುದು ವಾಡಿಕೆ. ಕಬ್ಬಿನ ಗದ್ದೆಗಳ ನಡುವಿರುವ ಮೂಡಲಗಿ ಭಾಗಕ್ಕೆ ಬೆಲ್ಲದ ದೊಡ್ಡ ಪೇಟೆಯಾದ ಮಹಾಲಿಂಗಪುರವೂ ಸಮೀಪದಲ್ಲೇ ಇದೆ.

ಅದೂ ಆಗದಿದ್ದರೆ ಗೋಕಾಕದ ಕರದಂಟು ಇದ್ದೇ ಇದೆ. ತುಪ್ಪದಲ್ಲಿ ಕರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬಾದಾಮಿ, ಉತ್ತತ್ತಿಗಳನ್ನು ಬೆಲ್ಲದ ಪಾಕದಲ್ಲಿ ಸೇರಿಸಿ ಮಾಡುವ ಇದಕ್ಕೆ ಕರಿದ ಅಂಟಿನಿಂದಲೇ ಆ ಹೆಸರು. ಒಂದು ಕೆ.ಜಿ. ಕರದಂಟನ್ನು ಸಣ್ಣ ತುಂಡುಗಳಾಗಿ ಕತ್ತರಿಸಿದರೆ 25 ಮಂದಿಗೆ ಧಾರಾಳವಾಗುತ್ತದೆ. ಬೆಲ್ಲದ ಸಿಹಿ ಎಂಬ ಕಾರಣಕ್ಕೆ ಮಧುಮೇಹಿಗಳು ನಿಶ್ಚಿಂತೆಯಿಂದ ತಿನ್ನುವಂತಿಲ್ಲ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಶೇಂಗಾ ಅಥವಾ ಗೋಡಂಬಿ ಒಗ್ಗದವರು ಯಾರಾದರೂ ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ, ಅವರ ಪಾಲಿನ ಉಪ್ಪಿಟ್ಟಿಗೆ ಬೇರೆ ಒಗ್ಗರಣೆ ಹಾಕಬೇಕು.

ಗುಂಪಿನ ಊಟಕ್ಕೆ ಎಚ್ಚರಿಕೆ

ಮನೆಮಂದಿಗೆ ಮಾಡುವ ಅಡುಗೆಯಲ್ಲಿನ ಲೋಪ ನಾಲ್ವರನ್ನು ಕಾಡಿದರೆ, ಗುಂಪಿನ ಅಡುಗೆಯಲ್ಲಿ ಅದು ಇಪ್ಪತ್ತೈದು ಮಂದಿಯನ್ನು ಹಾಸಿಗೆ ಹಿಡಿಸಬಹುದು. ಬೇಯಿಸಿದ ಆಹಾರವನ್ನು ಸಾಮಾನ್ಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ಇಡಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಿಸಿ ತಿನಿಸು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿಯೇ ಇರಬೇಕು. ಬೆಳಗಾವಿ ಜಿಲ್ಲೆಯ ಬೇಸಿಗೆಯಲ್ಲಿ ಈ ಅವಧಿಯನ್ನು ಇನ್ನೂ ಮೊಟಕುಗೊಳಿಸುವುದು ಕ್ಷೇಮ. ಸುಸಲಾಕ್ಕೆ ಚುರಮುರಿ ಅದ್ದುವ ನೀರು ಮತ್ತೆ ಕುದಿಯುವುದಿಲ್ಲವಾದ್ದರಿಂದ ಅದು ಕುಡಿಯಲು ಯೋಗ್ಯವಾಗಿರಬೇಕು. ಮಜ್ಜಿಗೆಗೆ ಬೆರೆಸುವ ನೀರಿಗೂ ಇದೇ ನಿಯಮ. 2 ಲೀಟರ್ ಮೊಸರಿಗೆ 3 ಲೀಟರ್ ನೀರು ಬೆರೆಸಿದರೆ ತಲೆಗೊಂದು ಲೋಟದಂತೆ 25 ಮಂದಿಗೆ ಸರಿಹೋಗುತ್ತದೆ.

ಹತ್ತೂವರೆಗೆ ಪಂಕ್ತಿ ಹಾಕಬೇಕೆಂದರೆ ಸಿಹಿ, ಚಟ್ನಿ, ಹುರಿದ ರವೆ ಹಿಂದಿನ ರಾತ್ರಿಯೇ ಡಬ್ಬಿ ಸೇರಿರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಉಳ್ಳಾಗಡ್ಡಿ ಹೆಚ್ಚಿ, ಒಂಬತ್ತೂವರೆಗೆ ಒಲೆ ಹೊತ್ತಿಸಿದರೂ ಹತ್ತೂವರೆಯ ಹೊತ್ತಿಗೆ ಒಲೆ ಆರಿರುತ್ತದೆ. ಪಾತ್ರೆಗಳನ್ನು ಪಂಕ್ತಿಯ ನಡುವೆ ಇಟ್ಟು ಬೇಕಾದಷ್ಟು ಬಡಿಸಿಕೊಳ್ಳಲು ಬಿಟ್ಟರೆ, ಹಿಂದಿನ ರಾತ್ರಿಯಿಂದ ದುಡಿದ ಮನೆಯವರಿಗೂ ಅದೇ ಪಂಕ್ತಿಯಲ್ಲಿ, ಅದೇ ಬಿಸಿ ಉಪ್ಪಿಟ್ಟು ದೊರೆಯುತ್ತದೆ.